ಮಿಸ್ ಗ್ಯಾರಡ್ ಅವರ ಕಾಶ್ಯಪ ಗೋತ್ರ

ನಮ್ಮ ವೆಂಕಟರಾಮುವಿಗೆ ಯಾವ ವಿಷಯವೂ ಪೂರ್ತಿಯಾಗಿ ಗೊತ್ತಿರಲಿಲ್ಲ. ಆದರೆ ‘ಗೊತ್ತಿಲ್ಲ’ ಎಂಬ ಮಾತೊಂದನ್ನು ಬಿಟ್ಟು ಮಿಕ್ಕ ಎಲ್ಲ ಮಾತೂ ಅವನ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಅಮೆರಿಕದ ನಮ್ಮ ಸ್ಕೋಕಿ ಊರಲ್ಲಿ ದಾರಿ ಕೇಳಿದವರನ್ನು ಅವನು ಬರಿಗೈಯಲ್ಲಿ ಕಳಿಸಿದ್ದಿಲ್ಲ. ಅವರು ದಾರಿ ತಪ್ಪಿ ದೂರದ ಮಿಲ್ವಾಕಿ ತಲುಪಿದ ಮೇಲೆ ಅವನನ್ನು ಬೈದುಕೊಂಡಿರಬಹುದು, ಅದು ಬೇರೆ ಮಾತು. ಮನುಷ್ಯ ಮಾತ್ರ ಅಪ್ಪಟ ಒಳ್ಳೆಯವನು. ಎದುರಿಗಿದ್ದವರ ಮುಖ ಸ್ವಲ್ಪ ಬಾಡಿದರೂ ಅವನಿಂದ ನೋಡಲಾಗುತ್ತಿರಲಿಲ್ಲ, ಏನಾದರೊಂದು ಹೇಳಿ ಸಮಾಧಾನ ಮಾಡಿಬಿಡುತ್ತಿದ್ದ. ಈ ಸಮಾಧಾನದ ಚಟದಿಂದಲೇ ಇಂಗ್ಲೆಂಡಿನ ಒಂದು ರೈತ ಕುಟುಂಬಕ್ಕೆ ಋಷಿಮೂಲ ಅಂಟಿಕೊಂಡದ್ದು.

ಇದು ೧೯೯೮ರ ಮಾತು. ಆಗ ನಾನು, ಹುಬ್ಬಳ್ಳಿಯ ದಸ್ತಗೀರ್, ಸ್ಕೋಕಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದೆ. ಈಗ ಆ ಜಾಗದಲ್ಲಿ ಉಗುರಿಗೆ ಬಣ್ಣ ಹಚ್ಚುತ್ತಾರೆ. ಆ ಬೀದಿಯಲ್ಲಿ ಹೋಗುವಾಗ ನಾನು ಇನ್ನೂ ಮುಖ ಬೇರೆ ಕಡೆ ತಿರುಗಿಸಿಕೊಂಡು ಡ್ರೈವ್ ಮಾಡುತ್ತೇನೆ. ವೆಂಕಟರಾಮು ನಂಜನಗೂಡಿನವನು. ಎರಡು ಸಾವಿರದ ಇಸವಿ ಬಂದ ಕೂಡಲೇ ಕಂಪ್ಯೂಟರುಗಳಿಗೆ ತಲೆ ಕೆಡುತ್ತದೆ ಎಂಬ ಭಯ ಆಗ ಜಗತ್ತಿನ ತುಂಬ ಇತ್ತು. ಓಕ್ ಬ್ರೂಕ್‌ನ ಆಫೀಸೊಂದರಲ್ಲಿ ಕೂತು ಅವನು ಆ ಭಯದ ಅನ್ನ ಉಣ್ಣುತ್ತಿದ್ದ. ಮಧ್ಯಾಹ್ನ ಹೊತ್ತು ಹೋಗದಿದ್ದರೆ ನನ್ನ ಅಂಗಡಿಗೆ ಫೋನ್ ಮಾಡಿ ನನ್ನ ಹೊತ್ತನ್ನೂ ತಿನ್ನುತ್ತಿದ್ದ.

ಅವನಿದ್ದದ್ದು ಇಟ್ಟಿಗೆಯ ಹಳೇ ಮನೆಯೊಂದರ ಮೇಲಿನ ಭಾಗದಲ್ಲಿ, ಹೆಂಡತಿ ಸರೋಜ, ಮಗ ವಿವೇಕರ ಜೊತೆ. ಕೆಳಗೆ ಮನೆಯ ಯಜಮಾನಿ ಮಿಸ್ ಎಡ್ನಾ ಗ್ಯಾರಡ್. ಪೋಸ್ಟಾಫೀಸಿನಿಂದ ನಿವೃತ್ತರಾದ, ಮದುವೆಯಾಗದ, ಎಂಬತ್ತರ ಹತ್ತಿರದ ಹೆಂಗಸು. ಅಕ್ಟೋಬರಿನಲ್ಲಿ ಮನೆ ಮಾರಿ, ಡೆಟ್ರಾಯಿಟ್ ಬಳಿಯ ಲಿವೋನಿಯಾದಲ್ಲಿದ್ದ ತಂಗಿಯ ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಅವರಿಗೆ ಒಂದೇ ಆಸೆ. ಲೈಬ್ರರಿಯ ನೆಲಮಾಳಿಗೆಯಲ್ಲಿ ಸೇರುತ್ತಿದ್ದ ವಂಶಾವಳಿ ಸಂಘದ ಗೋಡೆಯ ಮೇಲೆ ಗ್ಯಾರಡ್ ಮನೆತನದ ವೃಕ್ಷ ತೂಗಬೇಕು. ಆ ಗೋಡೆ ಏರುವುದು ಸುಲಭವಲ್ಲ, ಪ್ರತಿ ಹೆಸರಿಗೂ ದಾಖಲೆ ತೋರಿಸಬೇಕು.

ದಾಖಲೆಗಾಗಿ ಅವರು ಅರ್ಧ ಆಯಸ್ಸು ಸವೆಸಿದ್ದರು. ೧೫೩೮ರಲ್ಲಿ ಇಂಗ್ಲೆಂಡಿನ ರಾಜನ ಅಪ್ಪಣೆಯಾಯಿತಂತೆ: ಪ್ರತಿ ಊರಿನ ಪಾದ್ರಿಯೂ ಹುಟ್ಟಿದ ಮಕ್ಕಳ ಜ್ಞಾನಸ್ನಾನ, ಮದುವೆ, ಮಣ್ಣು ಮೂರನ್ನೂ ಬರೆದಿಡತಕ್ಕದ್ದು. ಅದಕ್ಕೆ ಮುಂಚಿನ ಬಡವರು ಹುಟ್ಟಿದ್ದಕ್ಕೂ ಗುರುತಿಲ್ಲ, ಸತ್ತದ್ದಕ್ಕೂ ಗುರುತಿಲ್ಲ. ಆ ಚರ್ಚಿನ ಪುಸ್ತಕಗಳನ್ನೆಲ್ಲ ಯಾರೋ ಪುಣ್ಯಾತ್ಮರು ಫಿಲ್ಮ್ ಮಾಡಿಟ್ಟಿದ್ದರು. ಮಿಸ್ ಗ್ಯಾರಡ್ ರೀಲು ತರಿಸಿಕೊಂಡು, ಕತ್ತಲೆ ಕೋಣೆಯ ಯಂತ್ರದ ಮುಂದೆ ಕತ್ತು ನೋಯಿಸಿಕೊಂಡು, ಸಫೋಕ್ ಜಿಲ್ಲೆಯ ಹಳ್ಳಿಯೊಂದರ ೧೫೬೩ರ ಥಾಮಸ್ ಗ್ಯಾರಡ್‌ವರೆಗೆ ಹೋಗಿ ನಿಂತಿದ್ದರು.

ಒಂದು ಸಂಜೆ ಹಿತ್ತಿಲಲ್ಲಿ ಲೆಮನೇಡ್ ಕುಡಿಯುತ್ತ ಈ ಕಷ್ಟವನ್ನೆಲ್ಲ ಅವರು ವೆಂಕಟರಾಮುವಿಗೆ ಹೇಳಿಕೊಂಡರು. ಅವರ ಇಂಗ್ಲಿಷನ್ನು ನಾನು ನಮ್ಮ ಮಾತಿಗೆ ತಂದಿದ್ದೇನೆ. ಅವರು ಸ್ವಲ್ಪ ಮೈಸೂರಿನವರಂತೆ ಕೇಳಿಸಿದರೆ ತಪ್ಪು ನನ್ನದಲ್ಲ, ಇದನ್ನೆಲ್ಲ ನನಗೆ ಹೇಳಿದ ವೆಂಕಟರಾಮುವಿನದು.

“೧೫೬೩? ಅಷ್ಟೇನಾ?” ಎಂದ ಈ ಮಹರಾಯ. “ನಮ್ಮದು ಸೃಷ್ಟಿಯಿಂದ ಇದೆ ಮಿಸ್ ಗ್ಯಾರಡ್. ನಮ್ಮ ಮೂಲಪುರುಷ ಕಾಶ್ಯಪ ಮಹರ್ಷಿ.”

“ದಾಖಲೆ?”

“ಬಾಯಿಪಾಠ.”

ಮಿಸ್ ಗ್ಯಾರಡ್ ಲೋಟ ಕೆಳಗಿಟ್ಟರು. “ಇಷ್ಟು ವರ್ಷ ನನ್ನ ತಲೆಯ ಮೇಲೆಯೇ ಓಡಾಡುತ್ತಿದ್ದಿರಿ, ಒಂದು ಮಾತು ಹೇಳಲಿಲ್ಲವಲ್ಲ!”

ಮರುವಾರವೇ ಪರಿಣತನೆಂದು ಅವನನ್ನು ಫಿಲ್ಮಿನ ಕೋಣೆಗೆ ಕರೆದೊಯ್ದರು. ವೆಂಕಟರಾಮು ಯಂತ್ರದ ಮುಂದೆ ಕೂತು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಓದಿ, “ಲಿಪಿ ತುಂಬಾ ಪ್ರಾಚೀನ” ಎಂದು ತೀರ್ಪು ಕೊಟ್ಟ. ಮಿಸ್ ಗ್ಯಾರಡ್ ನಯವಾಗಿ ಕೈ ಚಾಚಿ, ತಲೆಕೆಳಗಾಗಿದ್ದ ರೀಲನ್ನು ಸರಿ ಮಾಡಿದರು. ಆಗ ಕಾಣಿಸಿತು: ಥಾಮಸ್ ಗ್ಯಾರಡ್, ಜ್ಞಾನಸ್ನಾನ. ಮುಂದೆ ಏನೂ ಇಲ್ಲ. ಆ ಪಾದ್ರಿ ಮಗುವಿನ ಹೆಸರು ಬರೆದು, ಅಪ್ಪನ ಹೆಸರು ಬರೆಯಲು ಬೇಜಾರು ಮಾಡಿಕೊಂಡಿದ್ದ.

“ನೋಡಿ, ಹೇಗೆ ಒಂಟಿಯಾಗಿ ನಿಂತಿದ್ದಾನೆ,” ಎಂದರು ಮಿಸ್ ಗ್ಯಾರಡ್. “ಹೆತ್ತವರಿಲ್ಲದ ಮಗುವಿನ ಹಾಗೆ.” ಅವರ ಕಣ್ಣಲ್ಲಿ ನೀರು ಬಂತು.

ವೆಂಕಟರಾಮು ಕಂಗಾಲಾದ. ಬಾಯಿಗೆ ಸಿಕ್ಕಿದ್ದನ್ನು ಹೇಳಿದ. “ಅಳಬೇಡಿ, ಅಳಬೇಡಿ. ನಮ್ಮಲ್ಲಿ ಮೂಲ ಗೊತ್ತಿಲ್ಲದವರೆಲ್ಲ ಕಾಶ್ಯಪ ಗೋತ್ರ ಅಂತ ಲೆಕ್ಕ. ನಿಮ್ಮ ಥಾಮಸ್ಸೂ ಕಾಶ್ಯಪನ ಸಂತಾನವೇ. ನಿಶ್ಚಿಂತೆಯಾಗಿರಿ.”

“ಹಾಗೆಂದು ತೀರ್ಮಾನಿಸಿದವರು ಯಾರು?”

“ಶಾಸ್ತ್ರ.”

ಇದೇನೂ ಪೂರ್ತಿ ಸುಳ್ಳಲ್ಲ. ಪೂಜೆಗೆ ಕೂತವರಿಗೆ ಗೋತ್ರ ಗೊತ್ತಿಲ್ಲದಿದ್ದರೆ ಪೂಜೆ ನಿಲ್ಲಬಾರದಲ್ಲ, ಅದಕ್ಕೆ ಪುರೋಹಿತರು ಕಾಶ್ಯಪ ಗೋತ್ರ ಎಂದು ಹೇಳಿ ಮುಂದೆ ಹೋಗುತ್ತಾರಂತೆ. ಮಿಸ್ ಗ್ಯಾರಡ್‌ಗೆ ಈ ಏರ್ಪಾಟು ಹೇಗೆ ಗೊತ್ತಾಗಬೇಕು? ಭಾರತದಲ್ಲಿ ಯಾವುದೋ ಬಹುದೊಡ್ಡ ಕಚೇರಿಯಲ್ಲಿ ತಮ್ಮ ಥಾಮಸ್ಸಿನ ಹೆಸರಿದೆ ಎಂದೇ ಅವರು ತಿಳಿದುಕೊಂಡರು.

ಆಗಸ್ಟಿನಲ್ಲಿ ಅವರು ವೃಕ್ಷದ ಹಾಳೆಯನ್ನು ಕಟ್ಟು ಹಾಕಿಸಲು ನನ್ನ ಅಂಗಡಿಗೆ ತಂದರು. ಮುತ್ತಿನಂಥ ಅಕ್ಷರ. ಕೆಳಗೆ ಎಡ್ನಾ, ಅಲ್ಲಿಂದ ಹನ್ನೊಂದು ತಲೆಮಾರು ಮೇಲಕ್ಕೆ ಥಾಮಸ್. ಥಾಮಸ್ಸಿನ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ: ಕಾಶ್ಯಪ, ಭಾರತ. ಆಧಾರ: ಶಾಸ್ತ್ರ.

ನಾನು ವೆಂಕಟರಾಮುವಿಗೆ ಫೋನ್ ಹಚ್ಚಿದೆ. “ಏನ್ರೀ ರಾಮುರಾಯರ, ಈ ಇಂಗ್ಲೆಂಡಿನ ಒಕ್ಕಲಿಗಗ ನಿಮ್ಮ ಕಾಶ್ಯಪ ಯಾವಾಗ ಅಪ್ಪ ಆದ್ರೀ?”

“ಅಯ್ಯೋ ಸಾಹೇಬ್ರೇ, ಅಳ್ತಾ ಇದ್ರು. ಸಮಾಧಾನಕ್ಕೆ ಒಂದ್ ಮಾತು ಹೇಳ್ದೆ. ಅದನ್ನ ಕೆಂಪು ಇಂಕಲ್ಲಿ ಬರೀತಾರೆ ಅಂತ ಯಾರಿಗ್ ಗೊತ್ತಿತ್ತು?”

“ಹಂಗಾರ ಹೋಗಿ ಖರೇ ಹೇಳಿಬಿಡ್ರಿ. ನಾ ಇದಕ್ಕ ಬಂಗಾರದ ಕಟ್ಟು ಹಾಕೂದ್ರಾಗ.”

“ಹೇಳ್ತೀನಿ. ನಾಳೆ ಹೇಳ್ತೀನಿ.”

ಆ ನಾಳೆ ಬಂದಾಗ ಮಿಸ್ ಗ್ಯಾರಡ್ ಕುಂಬಳಕಾಯಿಯ ಸಿಹಿ ಬ್ರೆಡ್ ಮಾಡಿ ಮೇಲಕ್ಕೆ ಕಳಿಸಿದರು. ತಿಂದ ಬಾಯಲ್ಲಿ ಹೇಳುವುದು ಹೇಗೆ? ಮರುದಿನ ಮಳೆ. ಅದರ ಮರುದಿನ ಅವರು ಬಹಳ ಖುಷಿಯಾಗಿದ್ದರು, ಖುಷಿ ಯಾಕೆ ಕೆಡಿಸಬೇಕು. ನಾನು ಕಾದು ಕಾದು ಬಂಗಾರದ ಕಟ್ಟು ಹಾಕಿಬಿಟ್ಟೆ.

ಅಷ್ಟರಲ್ಲಿ ಸುದ್ದಿ ಸಂಘದ ಅಧ್ಯಕ್ಷ ಮಿಸ್ಟರ್ ಲೂಮಿಸ್ ಅವರ ಕಿವಿಗೆ ಬಿತ್ತು. ಈ ಲೂಮಿಸ್ ವಿಮಾ ಕಂಪನಿಯಲ್ಲಿ ಜೀವಮಾನವಿಡೀ ಜನರ ಕ್ಲೇಮುಗಳನ್ನು ತಳ್ಳಿಹಾಕಿ ಹೆಸರು ಮಾಡಿದವರು. ಮನೆಗೆ ಬೆಂಕಿ ಬಿದ್ದಿದೆ ಎಂದರೆ ಬೆಂಕಿಯ ಗುರುತಿನ ಚೀಟಿ ಕೇಳುವ ಜಾತಿ. ಒಂದು ಶನಿವಾರ ಪೆನ್ನು, ಪ್ಯಾಡು ಹಿಡಿದು ಮೇಲಿನ ಮನೆಯ ಬಾಗಿಲು ತಟ್ಟಿದರು. ಸರೋಜ ಬಾಗಿಲು ತೆಗೆದಳು.

“ಈ ಮಿಸ್ಟರ್ ಕಾಶ್ಯಪ ಇಂಗ್ಲೆಂಡಿಗೆ ಬಂದದ್ದು ಯಾವ ವರ್ಷ?”

“ಗೊತ್ತಿಲ್ಲ. ಅವರಿಗೆ ವೀಸಾ ಬೇಕಿರಲಿಲ್ಲ ಅನ್ಸತ್ತೆ.”

“ಹೆಂಡತಿಯ ಹೆಸರು?”

“ಯಾವ ಹೆಂಡತಿ? ಹದಿಮೂರು ಜನ ಇದ್ರಂತೆ.”

ಲೂಮಿಸ್ ಪೆನ್ನು ನಿಲ್ಲಿಸಿದರು. “ಮಕ್ಕಳು?”

ಒಳಗಿನಿಂದ ವೆಂಕಟರಾಮು ಸಹಾಯಕ್ಕೆ ಧಾವಿಸಿ ಬಂದ. ಅವನು ಸಹಾಯಕ್ಕೆ ಬಂದಾಗಲೇ ಕೆಲಸ ಪೂರ್ತಿ ಕೆಡುವುದು. “ದೇವತೆಗಳು ಸರ್. ರಾಕ್ಷಸರು. ಗರುಡ. ಆಮೇಲೆ ಹಾವುಗಳು.”

“ಹಾವುಗಳು,” ಎಂದು ಲೂಮಿಸ್ ಬರೆದುಕೊಂಡರು. “ಎಲ್ಲರಿಗೂ ಜ್ಞಾನಸ್ನಾನವಾದದ್ದು ಒಂದೇ ಚರ್ಚಿನಲ್ಲೋ?”

“ಡ್ಯಾಡ್, ಜಸ್ಟ್ ಟೆಲ್ ಹಿಮ್,” ಎಂದ ವಿವೇಕ ಟಿವಿಯಿಂದ ಕಣ್ಣು ತೆಗೆಯದೆ. ಅಪ್ಪ ಹೇಳಲಿಲ್ಲ. ಲೂಮಿಸ್ ಮೆಟ್ಟಿಲಿಳಿಯುತ್ತ, ಸೆಪ್ಟೆಂಬರಿನ ಸಭೆಯಲ್ಲಿ ಎಲ್ಲರೆದುರು ಪರೀಕ್ಷೆಯಾಗುತ್ತದೆ ಎಂದು ಎಚ್ಚರಿಸಿ ಹೋದರು. ಒಂದು ಹೆಸರು ಸುಳ್ಳಾದರೂ ವೃಕ್ಷವಿಡೀ ವಾಪಸ್ಸು.

ಈ ಬಿಸಿ ಆರುವ ಮೊದಲೇ ಗೌರಿ ಹಬ್ಬ ಬಂತು. ಹಬ್ಬಕ್ಕೆಂದು ಮಿಶಿಗನ್ನಿನ ಟ್ರಾಯ್‌ನಿಂದ ಸರೋಜಳ ಅಕ್ಕ ಪ್ರಭಾವತಿ ಬಂದಿಳಿದರು. ಮಡಿ, ಮೈಲಿಗೆ, ಮುಹೂರ್ತ ಯಾವುದರಲ್ಲಿ ಸಂದೇಹ ಬಂದರೂ ಡೆಟ್ರಾಯಿಟ್ ಸುತ್ತಿನ ಕನ್ನಡಿಗರೆಲ್ಲ ಫೋನ್ ಮಾಡುತ್ತಿದ್ದದ್ದು ಅವರಿಗೇ. ಅವರು ಬಂದ ದಿನವೇ ಕೆಳಗಿನ ಮನೆಗೆ ಕೆಟ್ಟ ಸುದ್ದಿ ಬಂದಿತ್ತು. ಡಿಯರ್‌ಬಾರ್ನ್‌ನಲ್ಲಿದ್ದ ಮಿಸ್ ಗ್ಯಾರಡ್ ಅವರ ದೊಡ್ಡಪ್ಪನ ಮಗ ರಸೆಲ್ ಗ್ಯಾರಡ್ ತೀರಿಕೊಂಡಿದ್ದರು.

ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಕಾಶ್ಯಪನ ಕಥೆ ಹೊರಬಿತ್ತು. ಪ್ರಭಾವತಿ ತುತ್ತು ಕೆಳಗಿಟ್ಟರು.

“ರಾಮು ಅವರೇ, ನಿಮ್ಮದೂ ಕಾಶ್ಯಪ. ಅವರದೂ ಕಾಶ್ಯಪ ಅಂತ ನಿಮ್ಮ ಬಾಯಲ್ಲೇ ಹೇಳಿದೀರಿ. ದಾಯಾದಿಗಳಾದ್ರಿ. ಹತ್ತು ದಿನ ಸೂತಕ.”

“ಅತ್ತಿಗೆ, ತಲೆಮಾರು ಜಾಸ್ತಿ ದಾಟಿದ್ರೆ ಸೂತಕ ಇಲ್ಲ ಅಲ್ವಾ?”

“ದಾಟಿದೆ ಅಂತ ತೋರಿಸಿ. ಅವರ ಕಡೆ ಲೆಕ್ಕ ಪಕ್ಕಾ ಇದೆ. ನಿಮ್ಮ ಕಡೆ ಲೆಕ್ಕ ಎಲ್ಲಿ?”

“ಚಟ್ನಿ ಬಹಳ ಚೆನ್ನಾಗಿದೆ ಅತ್ತಿಗೆ,” ಎಂದ ವೆಂಕಟರಾಮು.

ಸರೋಜ ಸೌಟು ಹಿಡಿದುಕೊಂಡೇ ಎದ್ದಳು. “ರೀ, ಅಷ್ಟು ದೂರದ ಪ್ಲೇನ್‌ಫೀಲ್ಡ್‌ನಿಂದ ಹಿಡಿದು ಜನ ಕರೆದಿದೀನಿ. ಈಗ ಸೂತಕ ಅಂದ್ರೆ ಬಾಗಿನ ಯಾರ ತಲೆ ಮೇಲೆ ಇಡ್ಲಿ? ಈ ಕ್ಷಣ ಕೆಳಗೆ ಹೋಗಿ ನಿಜ ಹೇಳಿ, ದಾಯಾದಿತನ ಕಳ್ಕೊಂಡು ಬನ್ನಿ.”

ವೆಂಕಟರಾಮು ಗಟ್ಟಿ ಮನಸ್ಸು ಮಾಡಿ ಕೆಳಗೆ ಹೋದ. ಮಿಸ್ ಗ್ಯಾರಡ್ ರಸೆಲ್ ಅವರ ಮಣ್ಣಿಗೆ ಹೋಗಲು ಪೆಟ್ಟಿಗೆ ಕಟ್ಟಿಕೊಂಡು, ಕಪ್ಪು ಹ್ಯಾಟು ತೊಡೆಯ ಮೇಲಿಟ್ಟುಕೊಂಡು, ತಂಗಿಯ ಮಗಳ ಕಾರಿಗಾಗಿ ಕಾಯುತ್ತಿದ್ದರು. “ಈಗ ಗ್ಯಾರಡ್ ಅನ್ನುವ ಹೆಸರು ನನ್ನೊಬ್ಬಳದೇ ಮಿಸ್ಟರ್ ರಾಮು,” ಎಂದರು. “ನಾನೂ ಹೋದ ಮೇಲೆ ಆ ಗೋಡೆಯ ಮೇಲೆ ಮಾತ್ರ ಇರುತ್ತದೆ. ಸಭೆಯ ದಿನ ನನ್ನ ಪಕ್ಕದಲ್ಲಿ ಕೂರುತ್ತೀರಲ್ಲ?”

ಅವನು ನಿಜವನ್ನೂ ಹೇಳಲಿಲ್ಲ, ದಾಯಾದಿತನವನ್ನೂ ಕಳೆದುಕೊಳ್ಳಲಿಲ್ಲ. ಸಾಕ್ಷಿ ಹೇಳುತ್ತೇನೆಂದು ಮಾತು ಕೊಟ್ಟು ಮೇಲೆ ಬಂದ. ಸರೋಜ ಹಣೆ ಚಚ್ಚಿಕೊಂಡಳು. ಕೊನೆಗೆ ನನ್ನ ಹೆಂಡತಿ ಚಾಂದ್ ಬೀ, “ನಮ್ಮನಿ ಹಾಲ್ ಖಾಲಿ ಬಿದ್ದದ, ನಿಮ್ಮ ಗೌರಮ್ಮನ್ನ ಇಲ್ಲೇ ಕೂಡ್ರಸ್ರಿ. ಪೂಜಿ ನಿಮ್ಮ ಅಕ್ಕಾರು ಮಾಡ್ಲಿ, ಅವರಿಗೇನ್ ಸೂತಕ?” ಎಂದಳು. ಪ್ರಭಾವತಿಯವರ ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿ ಬರೆದಿರಲಿಲ್ಲ. ಹಾಗಾಗಿ ಆ ವರ್ಷ ಸ್ಕೋಕಿಯ ಗೌರಿ ದಸ್ತಗೀರನ ಮನೆಯಲ್ಲಿ ಕೂತಳು. ಸೂತಕದ ಸರೋಜ ದೂರದ ಸೋಫಾದಲ್ಲಿ ಕೂತು ಗಂಡನನ್ನು ಕಣ್ಣಲ್ಲೇ ಸುಡುತ್ತಿದ್ದಳು. ಆ ಹಬ್ಬದಲ್ಲಿ ತಿಂದಷ್ಟು ಕಡುಬು ನಾನು ಆಮೇಲೆ ಯಾವತ್ತೂ ತಿಂದಿಲ್ಲ. ಅಂಥ ದಿನಗಳು ಎಲ್ಲಿಗೆ ಹೋದವೋ!

ಸೆಪ್ಟೆಂಬರಿನ ಸಭೆಗೆ ಕಟ್ಟು ಹೊತ್ತುಕೊಂಡು ಹೋದವನು ನಾನೇ. ನೆಲಮಾಳಿಗೆ ತುಂಬಿತ್ತು. ಲೂಮಿಸ್ ಕೆಳಗಿನಿಂದ ಒಂದೊಂದೇ ಹೆಸರಿಗೆ ಬೆರಳಿಟ್ಟರು, ಮಿಸ್ ಗ್ಯಾರಡ್ ಒಂದೊಂದಕ್ಕೂ ಪುಟ ತೋರಿಸಿದರು. ಥಾಮಸ್ ದಾಟಿ ಬೆರಳು ಕೆಂಪು ಶಾಯಿಯ ಮೇಲೆ ನಿಂತಿತು.

“ಇದಕ್ಕೆ?”

ಮಿಸ್ ಗ್ಯಾರಡ್ ಹೆಮ್ಮೆಯಿಂದ ಪಕ್ಕಕ್ಕೆ ತಿರುಗಿದರು. ವೆಂಕಟರಾಮು ಎದ್ದು ನಿಂತ.

“ಕಾಶ್ಯಪ ಅಂದ್ರೆ ಥಾಮಸ್‌ನ ತಂದೆ ಅಲ್ಲ,” ಎಂದ. “ಯಾರು ಅಂತ ಗೊತ್ತಿಲ್ಲದಾಗ ನಾವು ಹೇಳೋ ಹೆಸರು ಅದು. ಅವರು ಅಳ್ತಾ ಇದ್ದರು. ನನಗೆ ಗೊತ್ತಿಲ್ಲ ಅಂತ ಹೇಳಬೇಕಿತ್ತು. ಹೇಳೋಕೆ ಬರಲಿಲ್ಲ.”

ಮಿಸ್ ಗ್ಯಾರಡ್ ಅವನನ್ನು ನೋಡಲಿಲ್ಲ. ಲೂಮಿಸ್ ಮಾತ್ರ ನೋಡಿದರು. “ನಿಮ್ಮ ಸ್ವಂತದ್ದಾದರೂ ಸೃಷ್ಟಿಯಿಂದ ಬಾಯಿಪಾಠ ಇದೆಯಂತಲ್ಲ. ಹೇಳಿ ಕೇಳೋಣ.”

“ನಮ್ಮ ತಂದೆ ಸುಬ್ಬಣ್ಣ. ಅವರ ತಂದೆ ನಂಜುಂಡಯ್ಯ. ಅವರ ತಂದೆ...”

ಲೂಮಿಸ್ ಬರೆದುಕೊಳ್ಳಲು ಪೆನ್ನು ತೆಗೆದರು.

“ಆಮೇಲೆ?”

“ಆಮೇಲೆ ಕಾಶ್ಯಪ,” ಎಂದ ವೆಂಕಟರಾಮು ಮೆಲ್ಲಗೆ. ನೆಲಮಾಳಿಗೆಯೆಲ್ಲ ನಕ್ಕಿತು. ನಾನೂ ನಕ್ಕೆ, ಆಮೇಲೆ ಅವನ ಮುಖ ನೋಡಿ ನಿಲ್ಲಿಸಿದೆ. ಮೂರು ತಲೆಮಾರಿನ ಹೆಸರು ಹಿಡಿದು ಕರೆಯುವುದು ಅವರಲ್ಲಿ ತಿಥಿಯ ದಿನ. ಅವನ ಅಪ್ಪ ತೀರಿಕೊಂಡಾಗ ವೀಸಾದ ತೊಡಕಿನಲ್ಲಿ ಇವನಿಗೆ ಊರಿಗೆ ಹೋಗಲಾಗದೆ, ಚಿಕ್ಕಪ್ಪನೇ ಎಲ್ಲ ಮಾಡಿ ಮುಗಿಸಿದ್ದರು. ಈಗ ಚಿಕ್ಕಪ್ಪನೂ ಇರಲಿಲ್ಲ. ಇಲ್ಲಿ ಇವನು ವರ್ಷಕ್ಕೊಮ್ಮೆ ದೇವಸ್ಥಾನಕ್ಕೆ ಅಕ್ಕಿ, ಬಾಳೆಕಾಯಿ ಕೊಟ್ಟು ಕೈಮುಗಿದು ಬರುತ್ತಿದ್ದ. ಕೇಳುವವರಿರಲಿಲ್ಲ, ಹೇಳುವವರೂ ಇರಲಿಲ್ಲ.

ಮಿಸ್ ಗ್ಯಾರಡ್ ಎದ್ದರು. ಕಟ್ಟು ಬಿಚ್ಚಲು ನನಗೆ ಹೇಳಿದರು. ನಾನು ಇಕ್ಕಳ ಹಾಕಿ ಹಿಂದಿನ ಮೊಳೆಗಳನ್ನು ಕಿತ್ತೆ. ಅವರು ಚೀಲದಿಂದ ಕತ್ತರಿ ತೆಗೆದು, ಕಾಶ್ಯಪನಿದ್ದ ಮೇಲಿನ ಪಟ್ಟಿಯನ್ನು ನೇರವಾಗಿ ಕತ್ತರಿಸಿ ತೆಗೆದರು. “ಥಾಮಸ್ಸಿಗೆ ಅಪ್ಪ ಇದ್ದದ್ದಂತೂ ನಿಜ,” ಎಂದರು. “ನನಗೆ ಗೊತ್ತಿಲ್ಲ, ಅಷ್ಟೇ. ಮಿಕ್ಕಿದ್ದರಲ್ಲಿ ತಪ್ಪಿದೆಯೇ ಮಿಸ್ಟರ್ ಲೂಮಿಸ್?”

ಲೂಮಿಸ್ ಹಾಳೆಯನ್ನು ಮೇಲೆ ಕೆಳಗೆ ನೋಡಿದರು. ಜೀವಮಾನದಲ್ಲಿ ಮೊದಲ ಸಲವಿರಬೇಕು, ತಳ್ಳಿಹಾಕಲು ಕಾರಣ ಸಿಗಲಿಲ್ಲ. ಗೋಡೆಗೆ ಮೊಳೆಯನ್ನು ತಾವೇ ಹೊಡೆದರು.

ಹೆಸರೇನೋ ಗೋಡೆ ಏರಿತು, ಆದರೆ ಮಿಸ್ ಗ್ಯಾರಡ್ ವೆಂಕಟರಾಮುವಿನ ಜೊತೆ ಮಾತು ಬಿಟ್ಟರು. ಮೇಲಕ್ಕೆ ಬ್ರೆಡ್ ಬರುವುದೂ ನಿಂತಿತು. ಅವನು ಸೊರಗಿಹೋದ. ಬೆಳಗ್ಗೆ ಅವರ ಹುಲ್ಲು ಕತ್ತರಿಸುತ್ತಿದ್ದ, ಸಂಜೆ ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸುತ್ತಿದ್ದ. ಅವರು ಲಿವೋನಿಯಾಕ್ಕೆ ಹೊರಡುವ ಹಿಂದಿನ ಸಂಜೆ ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಮೇಲೆ ಸರೋಜಳ ಕೈಯ ಕಾಫಿ ಕುಡಿಯುತ್ತಿದ್ದಾಗ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಮಿಸ್ ಗ್ಯಾರಡ್! ಅವರು ಆ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು. ಕೈಯಲ್ಲಿ, ಹೆಸರು ತುಂಬಲು ಖಾಲಿ ಮನೆಗಳಿದ್ದ ಹೊಸ ವೃಕ್ಷದ ಹಾಳೆ.

“ನನಗೆ ಹನ್ನೊಂದು ತಲೆಮಾರು ಇದೆ, ಒಂದು ಮಗುವಿಲ್ಲ,” ಎಂದರು ಕೂತು ಸುಧಾರಿಸಿಕೊಂಡು. “ನಿಮಗೆ ಮಗ ಇದ್ದಾನೆ, ಅವನಿಗೆ ಹೇಳಲು ನಾಲ್ಕು ಹೆಸರಿಲ್ಲ. ನೀವು ಸುಳ್ಳು ಹೇಳಿದ್ದಕ್ಕಲ್ಲ ನನಗೆ ಸಿಟ್ಟು, ಇದಕ್ಕೆ. ಊರಲ್ಲಿ ಕೇಳಲು ಯಾರೂ ಉಳಿದಿಲ್ಲವೇ?”

“ಒಬ್ಬರು ಸೋದರತ್ತೆ ಇದಾರೆ. ಅನುಸೂಯಮ್ಮ. ತುಂಬಾ ವಯಸ್ಸಾಗಿದೆ.”

“ಬದುಕಿದ್ದಾರೆಯೇ? ಬದುಕಿದ್ದಾರೆ ಅಂತ ಇಷ್ಟು ಆರಾಮಾಗಿ ಹೇಳುತ್ತೀರಲ್ಲ! ನನ್ನ ಹಿರಿಯರು ಒಬ್ಬರಾದರೂ ಬದುಕಿದ್ದರೆ ನಾನು ಆ ಕತ್ತಲೆ ಕೋಣೆಗೆ ಯಾಕೆ ಹೋಗುತ್ತಿದ್ದೆ? ಫೋನ್ ಎತ್ತಿ.”

ಆಗಿನ ಫೋನೆಂದರೆ ಒಂದು ವ್ರತ. ದುಡ್ಡು ಕೊಟ್ಟು ತಂದ ಫೋನ್ ಕಾರ್ಡಿನ ಬೆನ್ನು ಕೆರೆದು, ಉದ್ದಾನುದ್ದ ನಂಬರು ಒತ್ತಿ, ನಂಜನಗೂಡಿನ ಪಕ್ಕದ ಮನೆಯವರನ್ನು ಎಬ್ಬಿಸಿ, ಅವರು ಅನುಸೂಯಮ್ಮನವರನ್ನು ಕೈಹಿಡಿದು ಕರೆತರುವವರೆಗೆ ಕಾಯಬೇಕು. ಸರೋಜ ಸ್ಪೀಕರ್ ಒತ್ತಿದಳು.

“ಯಾರದು?”

“ನಾನು ಅತ್ತೆ! ವೆಂಕಟರಾಮು!”

“ಯಾವ ವೆಂಕಟರಾಮು?”

“ಸುಬ್ಬಣ್ಣನ ಮಗ, ಅಮೆರಿಕದಿಂದ! ಅತ್ತೆ, ನಿಮ್ಮ ತಾತ, ನಮ್ಮ ಮುತ್ತಜ್ಜ, ಅವರ ಹೆಸರೇನು?”

ಆ ಕಡೆಯಿಂದ ಕೆಮ್ಮಿನ ಜೊತೆ ಬೆರೆತ ನಗು. “ಅಯ್ಯೋ ಪೆದ್ದಪ್ಪ, ನಿನ್ನ ಹೆಸರೇ ಕಣೋ! ವೆಂಕಟರಾಮಯ್ಯ. ಅವರ ಹೆಸರೇ ನಿಂಗಿಟ್ಟಿದ್ದು. ಅದಕ್ಕೇ ಅಲ್ವೇನೋ ನಮ್ಮಮ್ಮ ನಿನ್ನ ಒಂದು ದಿನಾನೂ ಹೆಸರು ಹಿಡಿದು ಕರೀಲಿಲ್ಲ? ಮಾವನ ಹೆಸರು ಸೊಸೆ ಬಾಯಲ್ಲಿ ಹೇಳ್ತಾಳಾ? ‘ದೊಡ್ಡೋರು ಬಂದ್ರು, ತಟ್ಟೆ ಹಾಕಿ’ ಅಂತಿದ್ಲು. ಜ್ಞಾಪಕ ಇದ್ಯಾ?”

ಕಾರ್ಡಿನ ದುಡ್ಡು ಮುಗಿದು ಲೈನು ಕಟ್ಟಾಯಿತು.

ವೆಂಕಟರಾಮು ರಿಸೀವರ್ ಕಡೆಯೇ ನೋಡುತ್ತ ಕೂತ. “ಅಜ್ಜಿ ನನ್ನ ಆಡ್ಕೋತಾರೆ ಅಂದ್ಕೊಂಡಿದ್ದೆ ಸಾಹೇಬ್ರೇ,” ಎಂದ. “ತುಂಬಾ ತಿಂತಾ ಇದ್ನಲ್ಲ, ಅದಕ್ಕೆ ಹಂಗಂತಾರೆ ಅಂತ. ಎಷ್ಟೋ ಸಲ ಕೋಪ ಮಾಡ್ಕೊಂಡು ಊಟ ಬಿಟ್ಟೆದ್ದಿದೀನಿ.” ಅವನಿಗೆ ಅಳು ಬಂತು. ಸಮಾಧಾನ ಮಾಡುವ ಚಟ ನಮ್ಮಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ನಾವು ಅವನನ್ನು ಅಳಲು ಬಿಟ್ಟೆವು.

ಆಮೇಲೆ ಅವನು ಪೆನ್ನು ತೆಗೆದುಕೊಂಡು ಹಾಳೆ ತುಂಬಿಸಿ ಮಿಸ್ ಗ್ಯಾರಡ್ ಕೈಗೆ ಕೊಟ್ಟ. ಸ್ಪೀಕರಿನ ಕನ್ನಡ ಅವರಿಗೆ ಒಂದಕ್ಷರ ತಿಳಿದಿರಲಿಲ್ಲ. ಕನ್ನಡಕ ಏರಿಸಿ, ಕೆಳಗಿನಿಂದ ಮೇಲಕ್ಕೆ ಓದಿ, ನಿಟ್ಟುಸಿರು ಬಿಟ್ಟರು.

“ಮಿಸ್ಟರ್ ರಾಮು, ಮತ್ತೆ ಗಡಿಬಿಡಿ ಮಾಡಿದಿರಿ. ಎಲ್ಲಕ್ಕಿಂತ ಮೇಲಿನ ಮನೆಯಲ್ಲಿ ನಿಮ್ಮ ಹೆಸರನ್ನೇ ಬರೆದಿದ್ದೀರಿ.”

“ಇಲ್ಲ ಮಿಸ್ ಗ್ಯಾರಡ್,” ಎಂದ ಅವನು ಮೂಗು ಒರೆಸಿಕೊಳ್ಳುತ್ತ. “ಅದು ಅವರದು. ನಾನು ಇಷ್ಟು ದಿನ ಇಟ್ಕೊಂಡಿದ್ದೆ, ಅಷ್ಟೇ.”

ಅಜ್ಜಿಯ ಕಥೆಯನ್ನು ಅವನು ಅವರಿಗೆ ಇಂಗ್ಲಿಷಿನಲ್ಲಿ ತೊದಲುತ್ತ ಹೇಳಿದ. ಕೊನೆಯ ಗ್ಯಾರಡ್ ಆದ ಆ ಮುದುಕಿ ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಡಿಗೆಮನೆಯಿಂದ ಸಾರಿನ ಒಗ್ಗರಣೆಯ ವಾಸನೆ ಬಂತು. ಹಿಂದೆಯೇ ಸರೋಜಳ ದನಿ.

“ದೊಡ್ಡೋರು ಏಳಿ. ತಟ್ಟೆ ಹಾಕಿದೀನಿ.”